ಶುಗರ್‌ಗೆ ಹೊಟ್ಟೆ ಆಪರೇಷನ್ ಯಾಕೆ ಡಾಕ್ಟ್ರೇ?

ಹೋದ ಸಂಚಿಕೆಯಲ್ಲಿ ಶುಗರ್ ಇರುವವರ ಕಾಲಿನ ಗಾಯದ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ಒಂದು ಸಾಲು ಹಾಗೇ ಸೇರಿಸಿದ್ದೆ: ತೂಕ ಜಾಸ್ತಿ ಇರುವ ಕೆಲವರಿಗೆ ಹೊಟ್ಟೆಯ ಆಪರೇಷನ್ ಕೂಡ ಶುಗರ್‌ಗೆ ಚಿಕಿತ್ಸೆಯೇ ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಕಾಲಿನ ಗಾಯಕ್ಕೆ ಬರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೊದಲು ತಿಪಟೂರಿನ ಓದುಗರೊಬ್ಬರ ಪತ್ರ.

ನನಗೆ 43 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇದೆ. ಎತ್ತರ 168 ಸೆಂಟಿಮೀಟರ್, ತೂಕ 104 ಕೆಜಿ. ಶುಗರ್ ಬಂದು ಆರು ವರ್ಷ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ಮೂರೂ ನುಂಗುತ್ತೇನೆ. ಆದರೂ ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9.1. ಇನ್ಸುಲಿನ್ ಶುರು ಮಾಡೋಣ ಎಂದಿದ್ದಾರೆ. ಬೆಂಗಳೂರಿನ ಭಾವಮೈದ “ಹೊಟ್ಟೆ ಚಿಕ್ಕದು ಮಾಡಿಸಿಕೊಂಡರೆ ಶುಗರ್ರೇ ಹೋಗುತ್ತೆ” ಅಂತಾನೆ. ನಮ್ಮಮ್ಮ “ಊಟ ಕಮ್ಮಿ ಮಾಡೋಕೆ ಹೊಟ್ಟೆ ಕೊಯ್ಸ್ಕೋಬೇಕೇನೋ” ಅಂತ ಬೈತಾರೆ. ಯಾರ ಮಾತು ಕೇಳಲಿ?

ಅಮ್ಮನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಯಾಕೆಂದರೆ ಆ ಮಾತನ್ನು ನಾನೂ ಆಡಿದ್ದೇನೆ.

2009ರಲ್ಲಿ ದಾವಣಗೆರೆಯ ನನ್ನ ಕ್ಲಿನಿಕ್‌ಗೆ ಒಬ್ಬ ಪ್ರೈಮರಿ ಸ್ಕೂಲ್ ಟೀಚರ್ ಬಂದಿದ್ದರು. 38 ವರ್ಷ, 112 ಕೆಜಿ, ಶುಗರ್ ಬಂದು ನಾಲ್ಕು ವರ್ಷ. ಪೇಪರ್‌ನಲ್ಲಿ ಬಂದಿದ್ದ ಲೇಖನವೊಂದನ್ನು ಕತ್ತರಿಸಿ, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡು ತಂದಿದ್ದರು. ಇದೇ ಆಪರೇಷನ್ ಬಗ್ಗೆ. ನಾನು ಅದನ್ನು ಬಿಚ್ಚಿ ಓದಲೂ ಇಲ್ಲ. “ಬಾಯಿ ಕಟ್ಟೋಕೆ ಆಗಲ್ಲ ಅಂತ ಹೊಟ್ಟೆ ಕಟ್ಟಿಸ್ಕೋತೀಯೇನಮ್ಮ?” ಎಂದು ನಕ್ಕುಬಿಟ್ಟೆ. ಅವರೂ ನಕ್ಕರು. ಕಾಗದವನ್ನು ಮತ್ತೆ ಮಡಚಿ ಪರ್ಸಿಗೆ ಹಾಕಿಕೊಂಡರು. ಮುಂದೆ ಹನ್ನೊಂದು ವರ್ಷ ನಾನು ಹೇಳಿದ ಡಯಟ್ ಮಾಡಿದರು, ಬಿಟ್ಟರು, ಮತ್ತೆ ಮಾಡಿದರು. ಕೊನೆಗೆ ಆಪರೇಷನ್ ಮಾಡಿಸಿಕೊಳ್ಳುವ ಹೊತ್ತಿಗೆ ದಿನಕ್ಕೆ 90 ಯೂನಿಟ್ ಇನ್ಸುಲಿನ್ ಬೇಕಾಗಿತ್ತು. ತೂಕ ಇಳಿಯಿತು. ಇನ್ಸುಲಿನ್ 20 ಯೂನಿಟ್‌ಗೆ ಬಂದು ನಿಂತಿತು. ಪೂರ್ತಿ ಬಿಡಲು ಆಗಲೇ ಇಲ್ಲ. 2009ರಲ್ಲೇ ಕಳಿಸಿದ್ದರೆ ಶುಗರ್ ಹೋಗಿಯೇ ಹೋಗುತ್ತಿತ್ತು ಎನ್ನಲಾರೆ. ಆದರೆ ಅವಕಾಶ ಆಗ ಎಷ್ಟೋ ಜಾಸ್ತಿ ಇತ್ತು. ಅದು ನಾನು ಮಾಡಿದ ತಪ್ಪು.

ನಾನು ನಕ್ಕಿದ್ದು ಯಾಕೆ ಅಂದರೆ, ಈ ಆಪರೇಷನ್ ಹೊಟ್ಟೆಗೆ ಬೀಗ ಹಾಕುವುದು ಅಷ್ಟೇ ಎಂದುಕೊಂಡಿದ್ದೆ. ಜಾಗ ಕಮ್ಮಿ, ಊಟ ಕಮ್ಮಿ, ತೂಕ ಕಮ್ಮಿ, ಶುಗರ್ ಕಮ್ಮಿ. ನಿಮ್ಮ ಭಾವಮೈದನೂ ಹಾಗೇ ಅಂದುಕೊಂಡಿರಬಹುದು. ಅದು ಅರ್ಧ ಸತ್ಯ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ವಾಲ್ಟರ್ ಪೋರೀಸ್ ಎಂಬ ಸರ್ಜನ್ ಇದ್ದರು. ತೂಕ ಇಳಿಸಲೆಂದೇ ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಮಾಡುತ್ತಿದ್ದವರು. ಅವರ ರೋಗಿಗಳಲ್ಲಿ ಒಂದು ವಿಚಿತ್ರ ಕಂಡಿತು. ತೂಕ ಇನ್ನೂ ಇಳಿದೇ ಇಲ್ಲ, ಆಪರೇಷನ್ ಆಗಿ ಕೆಲವೇ ದಿನ, ಆಗಲೇ ಶುಗರ್ ನಾರ್ಮಲ್ ಆಗುತ್ತಿತ್ತು. 1995ರಲ್ಲಿ ಅವರು ಲೆಕ್ಕ ಬಿಡಿಸಿಟ್ಟರು: ಶುಗರ್ ಇದ್ದ 146 ಜನರಲ್ಲಿ 121 ಜನರ ಸಕ್ಕರೆ ನಾರ್ಮಲ್‌ಗೆ ಬಂದು ಅಲ್ಲೇ ಉಳಿದಿತ್ತು. “ಯಾರು ಊಹಿಸಿದ್ದರು?” ಅನ್ನುವ ಅರ್ಥದ ಮಾತಿನಿಂದಲೇ ಆ ಪ್ರಬಂಧದ ತಲೆಬರಹ ಶುರುವಾಗುತ್ತದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಇಷ್ಟು ಮನುಷ್ಯಸಹಜ ತಲೆಬರಹ ಅಪರೂಪ.

ಹೇಗೆ ಹೀಗಾಗುತ್ತೆ? ತುಮಕೂರಿನ ಬೈಪಾಸ್ ನಿಮಗೆ ಗೊತ್ತಲ್ಲ, ಗಾಡಿಗಳು ಊರೊಳಗೆ ಹೋಗದೆ ಸುತ್ತಿಕೊಂಡು ಹೋಗುತ್ತವೆ. ಬೈಪಾಸ್ ಆಪರೇಷನ್‌ನಲ್ಲಿ ಜಠರದ ಮೇಲ್ಭಾಗವನ್ನು ಎರಡು ದೊಡ್ಡ ಚಮಚ ಹಿಡಿಯುವಷ್ಟು ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಕೆಳಗಿನ ಭಾಗಕ್ಕೆ ನೇರ ಜೋಡಿಸುತ್ತಾರೆ. ಊಟ ಕರುಳಿನ ಮೊದಲ ಭಾಗಕ್ಕೆ ಹೋಗದೆ ಬೇಗ ಕೆಳಗೆ ಇಳಿಯುತ್ತದೆ. ಅಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನ್ ಭರ್ತಿಯಾಗಿ ಹೊರಡುತ್ತದೆ. ಅದು ಮೇದೋಜೀರಕಕ್ಕೆ “ಇನ್ಸುಲಿನ್ ಬಿಡು” ಅನ್ನುತ್ತೆ, ಮೆದುಳಿಗೆ “ಸಾಕು” ಅನ್ನುತ್ತೆ. ಇನ್ನೊಂದು ಬಗೆ ಸ್ಲೀವ್. ಜಠರವನ್ನು ಉದ್ದಕ್ಕೆ ಕತ್ತರಿಸಿ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ, ಬಾಳೆಕಾಯಿಯಂಥ ಕೊಳವೆ ಉಳಿಯುತ್ತದೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಜಾಸ್ತಿ ಹುಟ್ಟುವ ಭಾಗವೇ ಹೋಗುವುದರಿಂದ ಹಸಿವೂ ಇಳಿಯುತ್ತದೆ. ಮೊದಲ ವಾರದ ಫಲದಲ್ಲಿ ಒಂದು ಪಾಲು ಬರೀ ಉಪವಾಸದ್ದು, ಅದನ್ನೂ ಹೇಳಿಬಿಡಬೇಕು. ನಾಲ್ಕು ದಿನ ಗಂಜಿ ನೀರು ಕುಡಿದರೆ ಯಾರ ಶುಗರ್ ಆದರೂ ಇಳಿಯುತ್ತೆ. ಆಮೇಲೂ ಇಳಿದೇ ಇರುವುದಕ್ಕೆ ಹಾರ್ಮೋನ್‌ಗಳ ಬದಲಾವಣೆ ಒಂದು ಕಾರಣ, ಲಿವರ್ ಮತ್ತು ಮೇದೋಜೀರಕದ ಕೊಬ್ಬು ಕರಗುವುದು ಇನ್ನೊಂದು.

ಈಗ ಭಾವಮೈದನ ಮಾತು. “ಶುಗರ್ ಹೋಗುತ್ತೆ” ಅನ್ನಬೇಡಿ, ಮಲಗುತ್ತೆ ಅನ್ನಿ. ಔಷಧಿ ಇಲ್ಲದೆ ಕನಿಷ್ಠ ಮೂರು ತಿಂಗಳು ಸರಾಸರಿ 6.5ಕ್ಕಿಂತ ಕೆಳಗಿದ್ದರೆ ಮಲಗಿದೆ ಎಂದು ಲೆಕ್ಕ. ಮತ್ತೆ ಏಳಬಹುದು. ಸ್ವೀಡನ್‌ನಲ್ಲಿ 1987ರಿಂದ ಆಪರೇಷನ್ ಆದವರನ್ನು ಬಿಡದೆ ಹಿಂಬಾಲಿಸಿದ ಅಧ್ಯಯನ ಒಂದಿದೆ. ಎರಡನೇ ವರ್ಷ ನೂರಕ್ಕೆ 72 ಜನರ ಶುಗರ್ ಮಲಗಿತ್ತು. ಹದಿನೈದನೇ ವರ್ಷಕ್ಕೆ 30 ಜನರದ್ದು. ಇಷ್ಟೇನಾ ಅನಿಸಬಹುದು. ಆಪರೇಷನ್ ಮಾಡಿಸಿಕೊಳ್ಳದವರಲ್ಲಿ ಆ ಸಂಖ್ಯೆ 16 ಮತ್ತು 6. ಅಷ್ಟೇ ಅಲ್ಲ, ಕಣ್ಣು, ಕಿಡ್ನಿ, ನರದ ತೊಂದರೆಗಳು ಆಪರೇಷನ್ ಆದವರಲ್ಲಿ ಸುಮಾರು ಅರ್ಧಕ್ಕರ್ಧ ಕಮ್ಮಿ. ಹತ್ತು ವರ್ಷ ಮಲಗಿ ಎದ್ದ ಶುಗರ್ ಕೂಡ ಆ ಹತ್ತು ವರ್ಷ ಕಿಡ್ನಿಯನ್ನು ತಿಂದಿರುವುದಿಲ್ಲ, ಅಲ್ವಾ?

ಯಾರ ಶುಗರ್ ಚೆನ್ನಾಗಿ ಮಲಗುತ್ತೆ? ಕಾಯಿಲೆ ಬಂದು ಕೆಲವೇ ವರ್ಷ ಆಗಿರುವವರದ್ದು, ಇನ್ಸುಲಿನ್ ಇನ್ನೂ ಶುರುವಾಗದವರದ್ದು, ಮೇದೋಜೀರಕದಲ್ಲಿ ಶಕ್ತಿ ಉಳಿದವರದ್ದು. ಎಷ್ಟು ಉಳಿದಿದೆ ಎಂಬುದನ್ನು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ತೋರಿಸುತ್ತೆ. ನಾವು ವೈದ್ಯರು ಮಾಡುವುದು ಇದಕ್ಕೆ ಉಲ್ಟಾ. ಮಾತ್ರೆ ಸೋತ ಮೇಲೆ ಇನ್ಸುಲಿನ್, ಇನ್ಸುಲಿನ್ನೂ ಸೋತ ಮೇಲೆ “ಸರ್ಜನ್ ನೋಡಿ”. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನೀವು ಈಗ ಬಾಗಿಲು ಹಾಕಬಹುದಾದ ಹೊತ್ತಿನಲ್ಲಿದ್ದೀರಿ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸುಮಾರು 37. ಕಮ್ಮಿ ತೂಕಕ್ಕೇ ಶುಗರ್ ಬರುವುದು ನಮ್ಮ ಏಷ್ಯಾದ ಮೈಕಟ್ಟು. ಅದಕ್ಕೇ 2016ರಲ್ಲಿ 45 ವೈದ್ಯಕೀಯ ಸಂಘಟನೆಗಳು ಒಪ್ಪಿದ ಸೂತ್ರದಲ್ಲಿ ನಮಗೆ ಗೆರೆ ಕೆಳಗಿದೆ: ಹಿಡಿತಕ್ಕೆ ಬಾರದ ಶುಗರ್ ಇದ್ದು ಬಿಎಂಐ 32.5 ದಾಟಿದ್ದರೆ ಆಪರೇಷನ್ ಸಲಹೆ ಕೊಡಬೇಕು, 27.5 ದಾಟಿದ್ದರೆ ಯೋಚಿಸಬಹುದು.

ಆಪರೇಷನ್ ಇಲ್ಲದೆ ಆಗಲ್ವಾ? ಕೆಲವರಿಗೆ ಆಗುತ್ತೆ. ಬ್ರಿಟನ್‌ನಲ್ಲಿ ಶುಗರ್ ಬಂದು ಆರು ವರ್ಷದೊಳಗಿನವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ದ್ರವ ಆಹಾರ ಮಾತ್ರ ಕೊಟ್ಟರು. ವರ್ಷದ ಕೊನೆಗೆ ನೂರಕ್ಕೆ 46 ಜನರ ಶುಗರ್ ಮಲಗಿತ್ತು. 15 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ 86 ಜನರದ್ದು. ನೀವು ಹಿಂದೆ ಯಾವತ್ತಾದರೂ 15 ಕೆಜಿ ಇಳಿಸಿ ಎರಡು ವರ್ಷ ಹಾಗೇ ಇದ್ದಿರಾ? ಇದ್ದಿದ್ದರೆ ಆ ದಾರಿಯನ್ನೇ ವೈದ್ಯರ ಕಣ್ಣಳತೆಯಲ್ಲಿ ಇನ್ನೊಮ್ಮೆ ಹಿಡಿಯಿರಿ. ಐದಾರು ಸಲ ಇಳಿಸಿ ಐದಾರು ಸಲ ಏರಿದ್ದರೆ, ಅದು ನಿಮ್ಮ ಸೋಮಾರಿತನ ಅಲ್ಲ. ಇಳಿದ ತೂಕವನ್ನು ದೇಹ ಹಟ ಹಿಡಿದು ವಾಪಸ್ ತರುತ್ತದೆ. ಅಮ್ಮನಿಗೆ ಇದನ್ನೇ ಓದಿ ಹೇಳಿ.

ಅಪಾಯ ಇಲ್ಲದ ಆಪರೇಷನ್ ಇಲ್ಲ. ಅನುಭವ ಇರುವ ಕಡೆ ಸಾವಿನ ಸಂಭವ ಸಾವಿರಕ್ಕೆ ಒಂದರಿಂದ ಮೂರು, ಪಿತ್ತಕೋಶ ತೆಗೆಸುವಾಗ ಇರುವಷ್ಟೇ ಅನ್ನಬಹುದು. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಇವು ಮೊದಲ ವಾರಗಳ ಭಯ. ನಿಮಗೆ ಎದೆಯುರಿ ಇದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಸ್ಲೀವ್ ಅದನ್ನು ಜಾಸ್ತಿ ಮಾಡಬಹುದು, ಬೈಪಾಸ್ ಸಾಮಾನ್ಯವಾಗಿ ಕಮ್ಮಿ ಮಾಡುತ್ತೆ. ಕಣ್ಣಿನ ಪರೀಕ್ಷೆ ಮಾಡಿಸದೆ ಟೇಬಲ್ ಹತ್ತಬೇಡಿ. ವರ್ಷಗಟ್ಟಲೆ ಮೇಲಿದ್ದ ಶುಗರ್ ಸರ್‍ರನೆ ಇಳಿದಾಗ ಮೊದಲೇ ಕೆಟ್ಟಿದ್ದ ಅಕ್ಷಿಪಟ ಇನ್ನಷ್ಟು ಕೆಡುವುದುಂಟು. ರಾತ್ರಿ ಗೊರಕೆ ಹೊಡೆದು ಉಸಿರು ನಿಲ್ಲುತ್ತಾ ಎಂದು ಮನೆಯವರನ್ನು ಕೇಳಿ, ಅದನ್ನೂ ಅರಿವಳಿಕೆ ವೈದ್ಯರಿಗೆ ತಿಳಿಸಿ. ಇನ್ನು ನಿಮ್ಮ ಮೂರು ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಅನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಶುಗರ್ ನಾರ್ಮಲ್ ಇದ್ದೂ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಗ್ಲಿಮೆಪಿರೈಡ್ ಅನ್ನು ಊಟ ನಿಂತ ಮೇಲೂ ನುಂಗುತ್ತಿದ್ದರೆ ಶುಗರ್ ತೀರಾ ಬಿದ್ದುಹೋಗುತ್ತೆ. ಯಾವ ಮಾತ್ರೆ ಯಾವತ್ತು ನಿಲ್ಲಬೇಕು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ನಮ್ಮ ತಂದೆಗೆ 66 ವರ್ಷ, 58 ಕೆಜಿ. 22 ವರ್ಷದಿಂದ ಶುಗರ್, 14 ವರ್ಷದಿಂದ ಇನ್ಸುಲಿನ್. “ಆಪರೇಷನ್ ಮಾಡಿಸಿ, ಇನ್ಸುಲಿನ್ ಬಿಡಿ” ಎಂಬ ವಾಟ್ಸಾಪ್ ಮೆಸೇಜ್ ತೋರಿಸಿ ದಿನಾ ಕೇಳುತ್ತಿದ್ದಾರೆ. (ಓದುಗರು, ಗದಗ)

ಬೇಡ. ಅವರಲ್ಲಿ ಇಳಿಸಲು ತೂಕವೂ ಇಲ್ಲ, ಎಬ್ಬಿಸಲು ಮೇದೋಜೀರಕದಲ್ಲಿ ಶಕ್ತಿಯೂ ಬಹುಶಃ ಉಳಿದಿಲ್ಲ. ಚಿಕ್ಕ ವಯಸ್ಸಿನಲ್ಲಿ ಬರುವ ಟೈಪ್ 1ಕ್ಕೂ ಇದು ಚಿಕಿತ್ಸೆ ಅಲ್ಲ. ಆ ಮೆಸೇಜ್ ಅಳಿಸಿಹಾಕಿ. ಇನ್ಸುಲಿನ್ ಚುಚ್ಚುವ ಜಾಗ ಗಂಟುಗಟ್ಟಿದೆಯಾ ಎಂದು ಒಮ್ಮೆ ಮುಟ್ಟಿ ನೋಡಿ, ಅವರಿಗೆ ಅದರಿಂದ ಉಪಯೋಗ ಜಾಸ್ತಿ.

ಸ್ಲೀವ್ ಆಗಿ ಒಂದೂವರೆ ವರ್ಷ. 98 ಕೆಜಿ ಇದ್ದವಳು 69ಕ್ಕೆ ಬಂದಿದ್ದೇನೆ. ಶುಗರ್ ಮಾತ್ರೆ ಪೂರ್ತಿ ನಿಂತಿದೆ. ಎಲ್ಲಾ ಚೆನ್ನಾಗಿದೆಯಲ್ಲ ಅಂತ ವಿಟಮಿನ್ ಮಾತ್ರೆಯನ್ನೂ ಆರು ತಿಂಗಳ ಹಿಂದೆ ಬಿಟ್ಟೆ. ಈಗ ಅಂಗಾಲು ಜುಮ್ಮೆನ್ನುತ್ತೆ, ಕೂದಲು ಗೊಂಚಲು ಗೊಂಚಲಾಗಿ ಬರುತ್ತೆ. ಸಸ್ಯಾಹಾರಿ. (ಓದುಗರು, ಮಂಡ್ಯ)

ಶುಗರ್ ಮಾತ್ರೆ ಬಿಟ್ಟಿದ್ದಕ್ಕೆ ಅಭಿನಂದನೆ, ವಿಟಮಿನ್ ಬಿಟ್ಟಿದ್ದಕ್ಕೆ ಬೈಗುಳ. ಆಪರೇಷನ್ ಆದ ಮೂರರಿಂದ ಆರು ತಿಂಗಳಲ್ಲಿ ಕೂದಲು ಉದುರುವುದು ಸಹಜ, ತಾನಾಗಿ ನಿಲ್ಲುತ್ತೆ. ಒಂದೂವರೆ ವರ್ಷಕ್ಕೆ ಉದುರಿದರೆ ಕಬ್ಬಿಣ ಮತ್ತು ಪ್ರೋಟೀನ್ ಮೇಲೆ ನನಗೆ ಅನುಮಾನ. ಅಂಗಾಲಿನ ಜುಮುಜುಮು ಹಳೇ ಶುಗರ್‌ನದ್ದೂ ಇರಬಹುದು. ಆದರೆ ಮೊದಲು ನೋಡಬೇಕಾದದ್ದು ಬಿ12. ಅದನ್ನು ಹೀರಿಕೊಳ್ಳಲು ಜಠರದ ಸಹಾಯ ಬೇಕು, ನಿಮ್ಮ ಜಠರದಲ್ಲಿ ಕಾಲು ಭಾಗ ಉಳಿದಿದೆ. ಸಸ್ಯಾಹಾರದಲ್ಲಿ ಬಿ12 ಸಿಗುವುದು ಹಾಲು ಮೊಸರಿನಲ್ಲಷ್ಟೇ. ಹಿಂದೆ ಮೆಟ್‌ಫಾರ್ಮಿನ್ ನುಂಗಿದ್ದರೆ ಅದೂ ಬಿ12 ಇಳಿಸಿರಬಹುದು. ಮೂರೂ ಒಂದೇ ಕಡೆ ಎಳೆಯುತ್ತಿವೆ. ಬಿ12, ಫೆರಿಟಿನ್ (ಕಬ್ಬಿಣದ ದಾಸ್ತಾನು), ಡಿ ವಿಟಮಿನ್, ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದ ಪ್ರೋಟೀನ್) ಈ ವಾರವೇ ಪರೀಕ್ಷೆ ಮಾಡಿಸಿ. ನರ ಒಮ್ಮೆ ಪೂರ್ತಿ ಕೆಟ್ಟರೆ ಇಂಜೆಕ್ಷನ್ ಕೊಟ್ಟರೂ ವಾಪಸ್ ಬರುವುದು ಕಷ್ಟ. ಮಾತ್ರೆ ಜೀವನಪೂರ್ತಿ, ಪರೀಕ್ಷೆ ವರ್ಷಕ್ಕೊಮ್ಮೆ. (ಯಾರಿಗಾದರೂ ಆಪರೇಷನ್ ಆದ ಮೇಲೆ ದಿನಗಟ್ಟಲೆ ವಾಂತಿಯಾದರೆ ಕಾಯಬೇಡಿ. ವಾಂತಿಯಿಂದ ಬಿ1 ವಿಟಮಿನ್ ಕಮ್ಮಿಯಾದರೆ ಮೆದುಳಿಗೇ ಪೆಟ್ಟು.)

ನೀವು ಮಂಡ್ಯದವರು, ಹಾಗಾಗಿ ಇದನ್ನೂ ಕೇಳುತ್ತೇನೆ. ಮುದ್ದೆ ಹೇಗೆ ತಿನ್ನುತ್ತೀರಿ? ನಮ್ಮ ಕಡೆಯ ಒಬ್ಬ ರೋಗಿ ಆಪರೇಷನ್ ಆದ ಎರಡು ತಿಂಗಳಿಗೆ ಮದ್ದೂರಿನ ನೆಂಟರ ಮನೆಗೆ ಹೋಗಿ, ಅಭ್ಯಾಸಬಲದಿಂದ ಒಂದು ತುತ್ತು ಮುದ್ದೆ ಗುಳುಂ ಅಂತ ನುಂಗಿಬಿಟ್ಟರು. ಮುದ್ದೆ ಅಗಿಯಬಾರದು ಅಂತ ತಾನೇ ಅಲ್ಲಿ ಮಕ್ಕಳಿಗೆ ಕಲಿಸುವುದು! ಅದು ಕೊಳವೆಯಲ್ಲಿ ಕೂತು, ಎದೆ ಹಿಡಿದು, ಅವರು ಅರ್ಧ ಗಂಟೆ ಬಚ್ಚಲಲ್ಲೇ ಇದ್ದರು. ಸ್ಲೀವ್ ಆದವರು ನುಂಗುವ ಊಟ ಬಿಟ್ಟು ಅಗಿಯುವ ಊಟ ಕಲಿಯಬೇಕು. ರಾಗಿ ಬೇಕೆಂದರೆ ತೆಳ್ಳಗಿನ ಅಂಬಲಿ, ಅಥವಾ ಚೂರು ಚೂರು ರೊಟ್ಟಿ. ಆದರೆ ಮೊದಲು ಪ್ರೋಟೀನ್, ಆಮೇಲೆ ರಾಗಿ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಬರೀ ಆರು ಗ್ರಾಂ, ನೀವಂತೂ ಮೊಟ್ಟೆಯನ್ನೂ ತಿನ್ನಲ್ಲ. ಪನೀರ್, ಗಟ್ಟಿ ಮೊಸರು, ಸೋಯಾ, ಹೆಸರುಕಾಳು ಉಸಲಿ ಮೊದಲ ತುತ್ತಾಗಲಿ. ಜಾಗ ಉಳಿದರೆ ಅನ್ನ. ಸಾಲದಿದ್ದರೆ ಪ್ರೋಟೀನ್ ಪುಡಿ, ನಾಚಿಕೆ ಬೇಡ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು.

ಆಸ್ಪತ್ರೆಯಲ್ಲಿ ಮೂರೂವರೆ ಲಕ್ಷ ಹೇಳಿದ್ದಾರೆ. ಇನ್ಶೂರೆನ್ಸ್ ಕೊಡುತ್ತಾ? (ಓದುಗರು, ಹುಬ್ಬಳ್ಳಿ)

ಕೊಡಬಹುದು. ವಿಮಾ ಪ್ರಾಧಿಕಾರದ ನಿಯಮದ ಪ್ರಕಾರ 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು. ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಜೊತೆಗೆ ಹಿಡಿತಕ್ಕೆ ಬಾರದ ಟೈಪ್ 2 ಶುಗರ್, ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವುದು) ಇಂಥದ್ದೇನಾದರೂ ಇದ್ದು, ಬೇರೆ ದಾರಿ ಸೋತಿರಬೇಕು. ವೈದ್ಯರು 27.5 ಅಂದರೂ ಇನ್ಶೂರೆನ್ಸ್‌ನವರು 35 ಅನ್ನುತ್ತಾರೆ. ಈ ನಡುವಿನವರಿಗೆ ಸದ್ಯಕ್ಕೆ ಕೈಯಿಂದಲೇ ಖರ್ಚು. ಹಳೇ ಕಾಯಿಲೆಯ ಕಾಯುವ ಅವಧಿ ಮುಗಿದಿದೆಯಾ ಪಾಲಿಸಿಯಲ್ಲಿ ನೋಡಿ, ಡಯಟ್ ಮಾಡಿದ್ದರ ಚೀಟಿಗಳನ್ನು ಎಸೆಯಬೇಡಿ.

ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಇನ್ನು ಆಪರೇಷನ್ ಯಾಕೆ? (ಓದುಗರು, ಮೈಸೂರು)

ಒಳ್ಳೆಯ ಪ್ರಶ್ನೆ. 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂದ ಟಿರ್ಜೆಪಟೈಡ್, ಶುಗರ್ ಇರುವವರ ತೂಕವನ್ನು ದೊಡ್ಡ ಡೋಸ್‌ನಲ್ಲಿ ಸುಮಾರು ಶೇಕಡ 15ರಷ್ಟು ಇಳಿಸುತ್ತದೆ. ಶುಗರ್ ಕೂಡ ಚೆನ್ನಾಗಿ ಇಳಿಯುತ್ತೆ. ತಮಾಷೆ ನೋಡಿ, ಆಪರೇಷನ್ ಆದಾಗ ಕರುಳು ತಾನೇ ಬಿಡುವ ಹಾರ್ಮೋನ್‌ನ ನಕಲೇ ಈ ಸೂಜಿಯಲ್ಲಿರುವುದು. ಬಿಎಂಐ 30ರ ಆಸುಪಾಸಿನವರಿಗೆ ನಾನು ಈಗ ಮೊದಲು ಇದನ್ನೇ ಹೇಳುತ್ತೇನೆ. ಆದರೆ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ವಾಪಸ್ ಬರುತ್ತೆ. ತಿಂಗಳ ಖರ್ಚನ್ನು ಹತ್ತು ವರ್ಷಕ್ಕೆ ಗುಣಿಸಿ ನೋಡಿ, ಆಮೇಲೆ ಮೂರೂವರೆ ಲಕ್ಷದ ಪಕ್ಕ ಇಡಿ. ಬಿಎಂಐ 37ರ ತಿಪಟೂರಿನವರಿಗೆ ನಾನು ಎರಡೂ ದಾರಿ ಹೇಳಿ, ಸರ್ಜನ್ ಕಡೆ ಸ್ವಲ್ಪ ಜಾಸ್ತಿ ತಳ್ಳುತ್ತೇನೆ.

2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿ ತೀರಿಕೊಂಡರಲ್ಲ, ಇದೂ ಅದೇ ತಾನೇ? (ಓದುಗರು, ಶಿವಮೊಗ್ಗ)

ಅಲ್ಲ. ಚರ್ಮದಡಿಯ ಕೊಬ್ಬನ್ನು ತೆಗೆಯುವುದು ಮೈಕಟ್ಟಿಗಾಗಿ. ಅದರಿಂದ ಶುಗರ್ ಇಳಿಯುವುದಿಲ್ಲ. ಇದು ಜಠರ, ಕರುಳಿನ ಆಪರೇಷನ್. ಎರಡಕ್ಕೂ ಒಂದೇ ಬೋರ್ಡ್ ಹಾಕಿಕೊಂಡ ಕ್ಲಿನಿಕ್ ಕಂಡರೆ, ಐಸಿಯು ಇದೆಯಾ, ಶುಗರ್ ವೈದ್ಯರು ಇದ್ದಾರಾ, ಆಹಾರತಜ್ಞರು ಇದ್ದಾರಾ ಕೇಳಿ. ಉತ್ತರ ತಡವರಿಸಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಬೈಪಾಸ್ ಆಗಿ ಎಂಟು ತಿಂಗಳು. ಬರುವ ತಿಂಗಳು ತಂಗಿ ಮದುವೆ. ಎಲೆ ಮುಂದೆ ಕೂತರೆ ಯಾರೂ ಬಿಡಲ್ಲ. ಹೋಳಿಗೆ ಒಂದಾದರೂ ತಿನ್ನಬಹುದಾ? (ಓದುಗರು, ಸಾಗರ)

ಒಂದು ಪೂರ್ತಿ ಹೋಳಿಗೆ, ಮೇಲೆ ಕಾಯಿಹಾಲು ಅಂದರೆ, ಅರ್ಧ ಗಂಟೆಯಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿತ. ಸಿಹಿ ಒಮ್ಮೆಲೇ ಕರುಳಿಗೆ ಬಿದ್ದರೆ ಹಾಗಾಗುತ್ತೆ. ಕೆಲವರಿಗೆ ಒಂದೆರಡು ಗಂಟೆ ಬಿಟ್ಟು ಶುಗರ್ ಬಿದ್ದು ಕೈ ನಡುಗುವುದೂ ಉಂಟು. ಊಟದ ಕೊನೆಗೆ ಎರಡು ಬೆರಳಗಲ ಚೂರು, ಬರೀ ತುಪ್ಪದ ಜೊತೆ, ನಿಧಾನಕ್ಕೆ ಅಗಿದು ತಿನ್ನಿ. ಮೊದಲ ಪಂಕ್ತಿಗೆ ಕೂರಬೇಡಿ, ಅಲ್ಲಿ ಒತ್ತಾಯ ಜಾಸ್ತಿ. ನನ್ನ ರೋಗಿಯೊಬ್ಬರು ಮದುವೆಮನೆಗಳಲ್ಲಿ ಬಡಿಸುವ ಕೆಲಸಕ್ಕೇ ನಿಂತುಬಿಡುತ್ತಾರೆ. ಸಾರಿನ ಬಕೆಟ್ ಕೈಯಲ್ಲಿದ್ದರೆ ಯಾರೂ “ಊಟ ಆಯ್ತಾ” ಅಂತ ಕೇಳಲ್ಲವಂತೆ.